ಪೂಜೆ ಮುಗಿದ ಮೇಲಿನ ಮಾತ್ರೆ

ನವೆಂಬರ್ ೧೮, ಮಂಗಳವಾರ

ನನ್ನ ನಾಲಿಗೆಯ ಮೇಲೆ ನನಗೇ ಸಿಟ್ಟು. ವಾಣಿಶ್ರೀ ನಶೆ ಚುಚ್ಚಿಕೊಳ್ಳುವವಳು; ಸೋಂಕು ತಗಲದಂತೆ ಹೊಸ ಸೂಜಿ ಕೊಡುವ ನಮ್ಮ ಕೇಂದ್ರಕ್ಕೆ ಎರಡು ವರ್ಷದಿಂದ ಬರುತ್ತಾಳೆ. ಇವತ್ತು ಅವಳ ರಕ್ತಪರೀಕ್ಷೆಯಲ್ಲಿ ಎಚ್‌ಐವಿ ಸೋಂಕಿಲ್ಲವೆಂದು ಬಂತು. ಮುಂದೆಯೂ ಅದು ತಗಲದಂತೆ ತಡೆಯುವ ಮಾತ್ರೆ ಇದೆ, ದಿನಕ್ಕೊಂದು ತಪ್ಪದೆ ನುಂಗಬೇಕು, ಎಂದೆ. ಅಷ್ಟಕ್ಕೇ ಸುಮ್ಮನಾಗದೆ, "ನಶಾದಾಗ ನೆನಪಿರ್ತೈತೇನವಾ?" ಎಂದುಬಿಟ್ಟೆ.

ಅವಳು ಮುನಿಸಿಕೊಳ್ಳಲಿಲ್ಲ. ಕೊರಳಿನ ಶಿವದಾರ ಎಳೆದು ಅದಕ್ಕೆ ಕಟ್ಟಿದ್ದ ಇಷ್ಟಲಿಂಗದ ಕರಡಿಗೆ ತೋರಿಸಿದಳು.

"ಅಕ್ಕಾರ, ಸೂಜಿ ಚುಚ್ಚಕೊಂಡ ದಿನಾನೂ ಪೂಜಿ ಆಗದ ಹನಿ ನೀರ ಮುಟ್ಟಿಲ್ರಿ. ಪೂಜಿ ಮುಗದ ಕೂಡ್ಲೆ ಮಾತ್ರಿ ನುಂಗತೇನ್ರಿ."

ಮಾತ್ರೆಯ ಡಬ್ಬಿಯನ್ನು ಎರಡೂ ಕೈಯೊಡ್ಡಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು.

ಎರಡು ವರ್ಷ ಅವಳ ತೋಳನ್ನಷ್ಟೇ ನೋಡುತ್ತಿದ್ದೆ. ಶಿವದಾರ ಕೊರಳಲ್ಲೇ ಇತ್ತು. ಒಮ್ಮೆಯಾದರೂ ಮುಖ ಎತ್ತಿ ಅವಳನ್ನು ನೋಡಿರಲಿಲ್ಲ.