ಕೈ ಆಡುವಷ್ಟು ಜಾಗ

ಮೇಲವಂಕಿ
ರವಿವಾರ, ೨೩ ನವೆಂಬರ್ ೧೯೫೮

ಪ್ರೀತಿಯ ತಮ್ಮ ಸತ್ಯಪ್ಪನಿಗೆ ಅಕ್ಕನ ಆಶೀರ್ವಾದಗಳು.

ಹೇಗಿದ್ದೀಯಪ್ಪಾ? ಕೆಮ್ಮು ಹೋಯಿತೋ, ಇಲ್ಲಾ ಅದನ್ನೂ ಮುಂಬಯಿಯ ಹವೆಯ ಮೇಲೆ ಹಾಕಿ ಸುಮ್ಮನೆ ಕುಳಿತಿದ್ದೀಯೋ? ದಿನವಿಡೀ ಉಪ್ಪು ನೀರಿನಲ್ಲಿ ಕೈ ಇಟ್ಟುಕೊಂಡಿರುತ್ತೀಯಂತೆ. ಮಲಗುವ ಮುಂಚೆ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೋ ಎಂದು ಅವ್ವ ನಾಲ್ಕು ಸಲ ಹೇಳಿದ್ದಾಳೆ, ನಾನು ಒಂದೇ ಸಲ ಬರೆಯುತ್ತಿದ್ದೇನೆ. ಇಲ್ಲಿ ನಾವೆಲ್ಲ ಸುಖವಾಗಿದ್ದೇವೆ. ಚಳಿಗೆ ಅವ್ವನ ಮೊಣಕಾಲು ಸ್ವಲ್ಪ ಹಿಡಿದುಕೊಂಡಿದೆ. ನನ್ನ ಸಾಲೆಯಲ್ಲಿ ಈ ವರ್ಷ ಒಂದನೆಯ ಇಯತ್ತೆಗೆ ನಲವತ್ತೊಂದು ಮಕ್ಕಳು, ಅದರಲ್ಲಿ ನಮ್ಮ ಕೇರಿಯವರೇ ಒಂಬತ್ತು. ಆ ಒಂಬತ್ತೂ ಮಕ್ಕಳನ್ನು ಸಾಲಾಗಿ ಮುಂದೆಯೇ ಕೂಡಿಸಿದ್ದೇನೆ, ಯಾರು ಏನು ಅಂದುಕೊಳ್ಳುತ್ತಾರೋ ಅಂದುಕೊಳ್ಳಲಿ. ಎಮ್ಮೆ ಗಬ್ಬವಾಗಿದೆ. ಆದರೆ ಹದಿಮೂರು ದಿನದಿಂದ ಅದು ಮನೆಮಂದಿಯ ಮೇಲೆಲ್ಲ ಸಿಟ್ಟು ಮಾಡಿಕೊಂಡಿದೆ, ಮತ್ತು ಅದಕ್ಕೆ ಕಾರಣ ನೀನು. ಹೇಗೆ ಎಂದು ಹೇಳುತ್ತೇನೆ.

ಎರಡು ವಾರದ ಹಿಂದೆ ನಿನ್ನ ಪತ್ರ ಬಂತು. ಐದು ವರ್ಷದಿಂದ ಬಂದ ಎಲ್ಲ ಪತ್ರಗಳ ಹಾಗೆ ಇದೂ ನನ್ನ ಹೆಸರಿಗೇ ಬಂತು. ಅಪ್ಪನಿಗೆ ಒಂದು ಸಾಲಿಲ್ಲ, ಹೇಗಿದ್ದಾನೆ ಎಂಬ ಮಾತೂ ಇಲ್ಲ. ಇರಲಿ. ಓದಿ ಮೊದಲು ಹಿಗ್ಗಿದೆ. ಜನ ದುಡ್ಡು ಕೊಟ್ಟು ನೋಡಲು ಬರುವ ಆ ಮೀನಿನ ಮನೆಯಲ್ಲಿ ಕಸ ಗುಡಿಸುತ್ತಿದ್ದ ನನ್ನ ತಮ್ಮನಿಗೆ ಸಾಹೇಬರು ಒಂದು ಗಾಜಿನ ತೊಟ್ಟಿಯನ್ನೇ ಒಪ್ಪಿಸಿದ್ದಾರಲ್ಲ! ಸಮುದ್ರದ ನೀರು, ಸಮುದ್ರದ ತಳದಿಂದ ತೆಗೆದ ತೂತು ತೂತಿನ ಕಲ್ಲುಗಳು, ಅವುಗಳ ಮೈಮೇಲೆ ಹೂವಿನ ಹಾಗೆ ಅರಳಿ ಮುಚ್ಚಿಕೊಳ್ಳುವ ಜೀವಗಳು. ಇದನ್ನು ಸಾಲೆಯಲ್ಲಿಯೂ ಓದಿ ಹೇಳಿದೆ. "ಅಕ್ಕೋರ, ಕಲ್ಲಿಗೂ ಜೀವ ಇರತೈತೇನ್ರಿ?" ಎಂದು ಒಬ್ಬಳು ಕೇಳಿದಳು. ಕೂಡಲೇ ಎಲ್ಲರಿಂದ ಮಗ್ಗಿ ಹೇಳಿಸಿಬಿಟ್ಟೆ.

ಮುಂದಿನ ಪುಟಕ್ಕೆ ಬಂದಾಗ ಆ ಹಿಗ್ಗು ಇಳಿಯಿತು. ಮೊದಲ ಸಲ ಕಲ್ಲುಗಳನ್ನು ಮರಳಿನ ಮೇಲೆ ಏರಿಸಿದೆಯಂತೆ, ಏಡಿ ಅಡಿಯ ಮರಳನ್ನು ತೋಡಿತಂತೆ, ಕಲ್ಲು ಉರುಳಿ ಗಾಜು ಸೀಳಿತಂತೆ. ಎರಡನೆಯ ಸಲ ಹಿಂದಿನ ಗಾಜಿಗೆ ಒತ್ತಿ, ಸಂದಿಯೇ ಇಲ್ಲದಂತೆ ಗೋಡೆ ಕಟ್ಟಿದೆ. ಕಲ್ಲು ಅಲ್ಲಾಡಲಿಲ್ಲ, ಆದರೆ ಹಿಂದೆ ಹೊಲಸು ಕೂತು ನೀರು ನಾರಿ ಎರಡು ಮೀನು ಸತ್ತವು. ಈ ಸಲವೂ ಕೆಟ್ಟರೆ ಮತ್ತೆ ಕಸಬರಿಗೆ ಹಿಡಿಯಬೇಕೆಂದು ಸಾಹೇಬರು ಹೇಳಿದ್ದಾರೆ. ಇಷ್ಟೆಲ್ಲ ಬರೆದು ಕೊನೆಗೆ ನಿನ್ನ ಜಾಣತನ: "ಕಲ್ಲು ಹೇಗೆ ಕೂಡಿಸಬೇಕೆಂದು ಅಪ್ಪನನ್ನು ಕೇಳು, ಆದರೆ ನಾನು ಕೇಳಿದೆನೆಂದು ಹೇಳಬೇಡ." ಅಲ್ಲೋ ಮಹಾರಾಯ, ಗಾಜಿನ ಪೆಟ್ಟಿಗೆಯಲ್ಲಿ ಕಲ್ಲು ಕಟ್ಟುವವರು ಮೇಲವಂಕಿಯವರಲ್ಲಿ ನಿನ್ನನ್ನು ಬಿಟ್ಟು ಇನ್ನು ಯಾರಿದ್ದಾರೆ? ಎಮ್ಮೆ ಕೇಳಿತು ಎಂದು ಹೇಳಲೇ?

ನನ್ನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ, ಅದು ನಿನಗೂ ಗೊತ್ತು. ಅಪ್ಪ ಊಟಕ್ಕೆ ಕೂತಾಗ ಪತ್ರ ತೆಗೆದು ಓದಿಯೇಬಿಟ್ಟೆ. ಕೇಳಿಸದವನ ಹಾಗೆ ರೊಟ್ಟಿ ಮುರಿಯುತ್ತಿದ್ದ. ಮರಳಿನ ಮಾತು ಬಂದದ್ದೇ ತಡ, "ಮಳಲ ಮ್ಯಾಲ ಪಾಯಾ ಹಾಕ್ಯಾನ? ಯಾರ ಮಗಾ ಅಂವಾ?" ಎಂದು ಗುಡುಗಿದ. "ನಿಮ್ಮ ಮಗಾನ ಅದಾನ್ರಿ" ಎಂದು ಅವ್ವ ಒಲೆಯ ಮುಂದಿನಿಂದಲೇ ಹೇಳಿದಳು. ಎರಡನೆಯ ಸಲದ ಸಂಗತಿ ಓದಿದಾಗ ಮಾತ್ರ ಅಪ್ಪನ ಕೈ ನಿಂತಿತು. ಮತ್ತೊಮ್ಮೆ ಓದಿಸಿದ. ಸಂದಿ ಬಿಡದೆ, ಹಿಂದಕ್ಕೆ ಒರಗಿಸಿ, ಸಣ್ಣ ಚಕ್ಕೆ ತುರುಕಿ ಬಿಗಿ ಮಾಡಿದ್ದೇನೆ ಎಂದು ನೀನು ಬರೆದಿದ್ದೀಯಲ್ಲ, ಅದನ್ನು. ಆಮೇಲೆ ಮೆಲ್ಲಗೆ ಅಂದ: "ಬಾಂವಿ ಕಟ್ಯಾನವಾ ಅಂವಾ. ನಾ ಕಟ್ಟೂದ ನೋಡಿ ಕಲತದ್ದ ಅದು." ಬಾವಿಯ ಗೋಡೆ ಹಿಂದಿನ ಮಣ್ಣಿಗೆ ಒರಗಿ ನಿಲ್ಲುತ್ತದೆ, ನಿನ್ನ ಕಲ್ಲಿನ ಹಿಂದೆ ಬರೀ ಗಾಜು. ತಪ್ಪು ಅಷ್ಟೇ. ಆದರೆ ಇನ್ನು ಕಲ್ಲು ಮುಟ್ಟುವುದಿಲ್ಲ ಎಂದು ಆಣೆ ಮಾಡಿ ಹೋದವನ ಬೆರಳುಗಳಲ್ಲಿ ಅಪ್ಪನ ಕೆಲಸ ಹಾಗೆಯೇ ಕೂತಿದೆಯಲ್ಲ! ಅಪ್ಪ ಅರ್ಧ ರೊಟ್ಟಿ ಬಿಟ್ಟು ಎದ್ದ. ಅವನು ರೊಟ್ಟಿ ಬಿಟ್ಟು ಎದ್ದದ್ದನ್ನು ನಾನು ನೋಡಿದ್ದು ಇದು ಎರಡನೆಯ ಸಲ.

ಮೊದಲನೆಯ ಸಲ ಯಾವಾಗ ಎಂದು ನಿನಗೆ ಗೊತ್ತು. ನಮ್ಮ ಮನೆಯಲ್ಲಿ ಯಾರೂ ಆ ಮಾತು ಎತ್ತುವುದಿಲ್ಲ, ಇವತ್ತು ನಾನು ಎತ್ತುತ್ತೇನೆ, ಸಿಟ್ಟಾಗಬೇಡ. ಕೌಜಲಗಿ ದಾರಿಯ ಆ ತೋಟದ ಬಾವಿಗೆ ಅಪ್ಪ ನಾಲ್ಕು ತಿಂಗಳು ಕಲ್ಲು ಕಟ್ಟಿದ, ನೀನು ಚಕ್ಕೆ ಆರಿಸಿ ಕೊಟ್ಟೆ. ಮುಗಿದ ದಿನ ನೀನು ಮೆಟ್ಟಿಲಿಳಿದು ಒಂದು ಬೊಗಸೆ ನೀರು ಕುಡಿದೆ. ನಮ್ಮ ಕೇರಿಯವನು ನೀರು ಮುಟ್ಟಿದನೆಂದು ಮೇಲಿನಿಂದ ತೋಟದ ಧಣಿ ಒದರಿದ. ಅವನ ಆಳುಗಳ ಕೈಯಲ್ಲಿ ಬಡಿಗೆಗಳಿದ್ದವು. ಅವರು ಇಳಿಯುವ ಮೊದಲೇ ಅಪ್ಪ ಎಲ್ಲರ ಎದುರಿಗೆ ನಿನ್ನ ಕೆನ್ನೆಗೆ ಹೊಡೆದು ಎಳೆದುಕೊಂಡು ಬಂದ. ನಿನಗೆ ಆಗ ಹದಿನಾಲ್ಕು. ಅವತ್ತು ರಾತ್ರಿ ಅಪ್ಪ ರೊಟ್ಟಿ ಬಿಟ್ಟು ಎದ್ದ. ನೀನು ಅವತ್ತಿನಿಂದ ಅಪ್ಪನ ಜೊತೆ ಮಾತು ಬಿಟ್ಟೆ, ಆಮೇಲೆ ಸಾತಪ್ಪ ಕಾಕಾನ ಜೊತೆ ರೈಲು ಹತ್ತಿದೆ. ಹೊಡೆದದ್ದು ತಪ್ಪು ಎಂದು ನಾನು ಅಪ್ಪನಿಗೆ ಅಂದೇ ಹೇಳಿದ್ದೆ, ಇವತ್ತೂ ಹೇಳುತ್ತೇನೆ. ಆದರೆ ಅವನು ಆ ದಾರಿಯಲ್ಲಿ ಮತ್ತೆ ಹೋಗಿಲ್ಲ ಸತ್ಯಪ್ಪ. ಕೌಜಲಗಿ ಸಂತೆಗೂ ಹೊಲದ ಬದು ಹಿಡಿದು ಸುತ್ತಿ ಹೋಗುತ್ತಾನೆ. ಇದು ನಿನಗೆ ಗೊತ್ತಿರಲಿ ಎಂದು ಬರೆದೆ.

ಈಗ ಎಮ್ಮೆಯ ಸುದ್ದಿ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಎಮ್ಮೆ ನೀರು ಕುಡಿಯುವ ಕಲ್ಲಿನ ದೋಣಿಯನ್ನು ಬರಿದು ಮಾಡಿ ತಿಕ್ಕುತ್ತಿದ್ದ. ಹೊಳೆದಂಡೆಯಿಂದ ಒಂದು ಬುಟ್ಟಿ ಕಲ್ಲು ತಂದಿದ್ದ. ಆಯುಷ್ಯವಿಡೀ ಮಣ್ಣಿಗೆ ಒರಗಿಸಿಯೇ ಕಟ್ಟಿದವನು, ನೀರಿನ ನಡುವೆ ಯಾವ ಆಸರೆಯೂ ಇಲ್ಲದೆ ಕಲ್ಲು ನಿಲ್ಲಿಸಬೇಕು! ಕಟ್ಟುವುದು, ಕೋಲು ತೆಗೆದುಕೊಂಡು ಬುಡದಲ್ಲಿ ಕೆದರುವುದು. "ಏಡಿ ನಾನ ಆಗೇನಿ, ಸುಮ್ಮನಿರು" ಎಂದು ನನಗೆ ಬೈದ. ಮೂರು ದಿನ ಮೂರು ಸಲ ಬಿತ್ತು. ಎಮ್ಮೆ ಬಂದು ದೋಣಿಗೆ ಮೂತಿ ಇಡುವುದು, ಕಲ್ಲು ಕಂಡು ನಮ್ಮ ಕಡೆ ತಿರುಗಿ ನೋಡುವುದು. ಕೊನೆಗೆ ದಾರಿ ತೋರಿಸಿದವಳು ಅವ್ವ. ಎಮ್ಮೆಗೆ ಕೊಡದಲ್ಲಿ ನೀರು ಹೊತ್ತು ಸಾಕಾಗಿ, "ಬಾವಿ ಬಾವಿ ಅಂತೀರಿ, ಒಲಿ ಕಂಡಿಲ್ಲೇನ್ರಿ? ಮೂರ ಗುಂಡಿನ ಮ್ಯಾಲ ತುಂಬಿದ ಗಡಿಗಿ ನಿಲ್ಲತೈತಿ, ಅದಕೇನ ಗ್ವಾಡಿ ಬೇಕಾ?" ಎಂದಳು. ಅಪ್ಪ ಒಲೆಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದ, ಆಮೇಲೆ ದೋಣಿಯಲ್ಲೂ ಹಾಗೆಯೇ ಇಟ್ಟ, ಕಲ್ಲು ನಿಂತಿತು. ಅವ್ವನಿಗೆ ಆ ದಿನದಿಂದ ನೆಲವೇ ಕಾಣುತ್ತಿಲ್ಲ.

ಆದ್ದರಿಂದ ಗಮನವಿಟ್ಟು ಓದು. ಮರಳನ್ನು ಮೊದಲು ಹಾಕಬೇಡ. ಮೂರು ದೊಡ್ಡ ಕಲ್ಲನ್ನು ತೊಟ್ಟಿಯ ತಳಕ್ಕೇ ತಾಗುವಂತೆ, ಒಲೆಯ ಗುಂಡಿನ ಹಾಗೆ ಇಡು, ಆಮೇಲೆ ಸುತ್ತ ಮರಳು ಸುರಿ. ಏಡಿ ಎಷ್ಟು ತೋಡಿದರೂ ಬುಡ ಅಲ್ಲಾಡುವುದಿಲ್ಲ. ಮೇಲೆ ಇಡುವ ಪ್ರತಿ ಕಲ್ಲೂ ಕೆಳಗಿನದನ್ನು ಮೂರು ಕಡೆ ಮುಟ್ಟಬೇಕು. ಇಟ್ಟ ಮೇಲೆ ಬೆರಳಿನಿಂದ ಒತ್ತಿ ನೋಡು, ಕಟಕ್ ಎಂದರೆ ತೆಗೆದು ತಿರುಗಿಸಿ ಇಡು. ಸಂದಿಗೆ ಚಕ್ಕೆ ತುರುಕುವ ಚಟ ಬಿಡು, ಸಂದಿಯಲ್ಲಿ ನೀರು ಓಡಾಡಬೇಕು. ಅಪ್ಪನ ಮಾತಿನಲ್ಲೇ ಬರೆಯುತ್ತೇನೆ: "ಮೀನ ಹೊಕ್ಕೊಳ್ಳಾಕ ಒಂದ ಬಾಗಲಾ, ಹೊರಗ ಬರಾಕ ಇನ್ನೊಂದ ಬಾಗಲಾ ಬಿಡು ಅನ್ನು. ಒಂದ ಬಾಗಲಾ ಇದ್ರ ದೊಡ್ಡ ಮೀನ ಸಣ್ಣದನ್ನ ಅಲ್ಲೇ ಹಿಡೀತೈತಿ." ತೊಟ್ಟಿಯ ಅರ್ಧಕ್ಕಿಂತ ಹೆಚ್ಚು ಕಲ್ಲು ಬೇಡ. ಯಾವ ಕಲ್ಲೂ ಗಾಜಿಗೆ ತಾಗಬಾರದು. ನಾಲ್ಕೂ ಕಡೆ ನಿನ್ನ ಕೈ ಆಡುವಷ್ಟು ಜಾಗ ಇರಲಿ, ಹಾಗಿದ್ದರೆ ಹೊಲಸು ಕೂತರೂ ತೆಗೆಯಬಹುದು. ಹೊಸ ಕಲ್ಲು ಕೆಲವು ದಿನ ನಾರುತ್ತದೆ ಎಂದು ನೀನೇ ಬರೆದಿದ್ದೀಯ, ಆ ವಾಸನೆ ಪೂರ್ತಿ ಹೋಗುವವರೆಗೆ ಮೀನು ಬಿಡಬೇಡ. ಸಾಹೇಬರು ಅವಸರ ಮಾಡಿದರೆ ಹೊಸ ಬಾವಿಯ ನೀರನ್ನೂ ಯಾರೂ ಕೂಡಲೇ ಕುಡಿಯುವುದಿಲ್ಲ ಎಂದು ಹೇಳು. ದೋಣಿಯಲ್ಲಿ ನಿಂತ ಕಲ್ಲನ್ನು ಮೂರು ಕಡೆಯಿಂದ ನೋಡಿ ಪೆನ್ಸಿಲ್ಲಿನಲ್ಲಿ ಚಿತ್ರ ಬರೆದು ಜೊತೆಗೆ ಇಟ್ಟಿದ್ದೇನೆ. ಚಿತ್ರ ಕುಂಬಳಕಾಯಿಯ ರಾಶಿಯಂತೆ ಕಂಡರೆ ತಪ್ಪು ನನ್ನದು, ಅಪ್ಪನದಲ್ಲ. ಅಪ್ಪ ಅದರ ಮೇಲೆ ಹತ್ತು ದಿನ ಕೋಲು ಆಡಿಸಿದ್ದಾನೆ, ಒಂದು ಕಲ್ಲೂ ಕದಲಿಲ್ಲ.

ಈ ಸಲ ಕೆಲಸ ಆಗುತ್ತದೆ, ನನಗೆ ಖಾತ್ರಿಯಿದೆ. ಹೊತ್ತಿಗೆ ಸರಿಯಾಗಿ ಉಣ್ಣು. ಸಾತಪ್ಪ ಕಾಕಾನಿಗೆ ನನ್ನ ನಮಸ್ಕಾರ ತಿಳಿಸು. ಅವ್ವ ನಿನ್ನ ತಲೆಯ ಮೇಲೆ ಕೈ ಇಟ್ಟಿದ್ದಾಳೆ ಎಂದು ತಿಳಿದುಕೋ. ನಿನ್ನ ಮೇಲೆ ನನಗೆ ಎಷ್ಟು ಮಾಯೆ ಎಂದು ಎದುರಿಗೆ ಹೇಳಿದರೆ ಮೂಗು ಮುರಿಯುತ್ತೀಯ, ಅದಕ್ಕೆ ಇಲ್ಲಿ ಬರೆದುಬಿಟ್ಟೆ.

ನಿನ್ನ ಅಕ್ಕ
ಸಾವಂತ್ರೆವ್ವ

ತಾ.ಕ.: ಸೋಮವಾರ ಬೆಳಿಗ್ಗೆ. ಲಕೋಟೆ ಅಂಟಿಸಿ ಆಗಿತ್ತು, ಅಂಚೆಯ ರಾಯಪ್ಪ ಬಾಗಿಲಲ್ಲಿ ಸೈಕಲ್ ಹಿಡಿದು ನಿಂತಿದ್ದಾನೆ. ಅಪ್ಪ ಹಿತ್ತಲಿಂದ ಒದ್ದೆ ಕೈಯಲ್ಲೇ ಓಡಿ ಬಂದು "ಬಿಚ್ಚ ಅದನ್ನ" ಎಂದ. ಬಿಚ್ಚಿದೆ. "ಅವಗ ಕೇಳು, ಅಲ್ಲಿ ನೀರಾಗ ಕೈ ಹಾಕಿದ್ರ ಯಾರೂ ಬ್ಯಾಡ ಅನ್ನಂಗಿಲ್ಲೇನು? ಎಲ್ಲಿತನಕಾ ಮುಳಗತೈತಿ ಕೈ?" ಎಂದ. ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಮತ್ತೆ ಅಂದ: "ಅವತ್ತ ನಾ ಹೊಡೀಬಾರದಿತ್ತು. ಅವನ ಬಾಜೂಕ ಕುಂತು ನಾನೂ ಒಂದ ಬೊಗಸಿ ಕುಡೀಬೇಕಿತ್ತು." ಇದನ್ನೂ ಬರೆ ಎಂದ, ಬರೆದಿದ್ದೇನೆ. ರಾಯಪ್ಪ ಗಂಟೆ ಬಾರಿಸುತ್ತಿದ್ದಾನೆ. ಇದಕ್ಕೆ ಉತ್ತರ ನನಗೆ ಕಳಿಸಬೇಡ. ಲಕೋಟೆಯ ಮೇಲೆ ಅಪ್ಪನ ಹೆಸರು, ಉದ್ದಪ್ಪ ಎಂದು ಬರೆ. ಓದಿ ಹೇಳಲು ನಾನಿದ್ದೇನೆ.