ಮೊದಲೇ ಅತ್ತು ಮುಗಿಸಿದವರಿಗೆ

ಅಕ್ಕನ ಮನೆ,
ಮಂಗಳವಾರ ಮಧ್ಯಾಹ್ನ

ಯಾವುದಕ್ಕೂ ಕದಲದ ನನ್ನ ಯಜಮಾನರಿಗೆ,

ನಿಮ್ಮ ಹೆಂಡತಿ ಮಾಡುವ ನಮಸ್ಕಾರಗಳು. ನಾನು ಬದುಕಿದ್ದೇನೆ. ಇದನ್ನು ಮೊದಲೇ ಬರೆದುಬಿಡುವುದು ಒಳ್ಳೆಯದು, ನಿಮಗೆ ಆಗಾಗ ಮರೆತುಹೋಗುತ್ತದೆ.

ನಿಮ್ಮ ಕಾಗದ ಬಂತು. ಭಾನುವಾರ ಕರೆದುಕೊಂಡು ಹೋಗಲು ಬರುತ್ತೇನೆ, ತಯಾರಾಗಿರು ಎಂದು ಬರೆದಿದ್ದೀರಿ. ಅಲ್ಲಿಗೇ ಪೆನ್ನಿನ ಮುಚ್ಚಳ ಹಾಕಿದ್ದರೆ ನಾನು ಬಟ್ಟೆ ಮಡಿಚಿಡುತ್ತಿದ್ದೆನೋ ಏನೋ. ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೀರಲ್ಲ: 'ನೀನು ಬರದಿದ್ದರೂ ನನಗೆ ಬೇಸರವಿಲ್ಲ, ಅದು ನನ್ನ ಕೈಯಲ್ಲಿಲ್ಲ.' ಅಕ್ಕ ನನ್ನ ಭುಜದ ಮೇಲಿಂದ ಇಣುಕಿ ಓದಿ, "ಅಲ್ವೇ, ನಿನ್ ಗಂಡ ಹೆಂಡ್ತೀನ ಕರೀತಿದಾನೋ, ಪಾರ್ಸೆಲ್ ಬಂತಾ ಅಂತ ವಿಚಾರಿಸ್ತಿದಾನೋ?" ಎಂದಳು. ನಗು ಬಂತು. ಆಮೇಲೆ ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ನಿಜ ಹೇಳಬೇಕು, ಆ ಪುಸ್ತಕ ಮನೆಗೆ ಬಂದ ಹೊಸತರಲ್ಲಿ ಖುಷಿಪಟ್ಟವಳು ನಾನೇ. ಯಾರೋ ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದದ್ದು ಎಂದು ಡಿಪೋದಿಂದ ತಂದಿರಿ. ಮರೆತರೋ, ಬೇಕೆಂದೇ ಬಿಟ್ಟು ಇಳಿದರೋ, ಅವರಿಗೇ ಗೊತ್ತು. ಅದರಲ್ಲಿರುವಂತೆ, ಹಿಂದೆ ಎಲ್ಲೋ ಸ್ಟೋಯಿಕರು ಅಂತ ಜ್ಞಾನಿಗಳು ಇದ್ದರಂತೆ, ನಮ್ಮ ಕೈಯಲ್ಲಿ ಇರುವುದು ಯಾವುದು ಇಲ್ಲದ್ದು ಯಾವುದು ಎಂದು ಬೇರೆಮಾಡಿ ನೋಡಿದರೆ ಅರ್ಧ ದುಃಖ ಕಳೆಯುತ್ತದೆ ಎನ್ನುತ್ತಿದ್ದರಂತೆ. ಅದಕ್ಕೆ ಮುಂಚೆ ನೀವು ಹೇಗಿದ್ದಿರಿ? ಮ್ಯಾನೇಜರು ಒಂದು ಮಾತು ಅಂದರೆ ಆ ಸಿಟ್ಟು ಮನೆಯ ಪಾತ್ರೆಗಳ ಮೇಲೆ ಇಳಿಯುತ್ತಿತ್ತು. ಆಮೇಲೆ ಮ್ಯಾನೇಜರು ಎಲ್ಲರೆದುರು ಬೈದ ದಿನವೂ ನೀವು ಶಾಂತವಾಗಿ ಬಂದು ಕೈಕಾಲು ತೊಳೆದು, "ಅವರ ನಾಲಗೆ ನನ್ನ ಕೈಯಲ್ಲಿಲ್ಲ, ಬಿಡು" ಎಂದು ಊಟಕ್ಕೆ ಕೂತಿರಿ. ಆ ಪುಸ್ತಕ ಬರೆದವನು ಯಾರೇ ಇರಲಿ, ಅವನ ಹೊಟ್ಟೆ ತಣ್ಣಗಿರಲಿ ಎಂದು ಹರಸಿದ್ದೆ.

ಆಮೇಲೆ ಬೆಳಗಿನ ಅಭ್ಯಾಸ ಶುರುವಾಯಿತು. ಇರುವುದೆಲ್ಲ ಹೋಗುತ್ತದೆ, ಹೋಗುವ ಮೊದಲೇ ಹೋಯಿತೆಂದು ಭಾವಿಸಿ ಅಭ್ಯಾಸ ಮಾಡಿಕೊಂಡರೆ ನಿಜವಾಗಿ ಹೋದಾಗ ಪೆಟ್ಟು ತಾಗುವುದಿಲ್ಲ ಎಂದಿರಿ. ಟೀ ಲೋಟ ಹಿಡಿದು ಕಣ್ಣು ಮುಚ್ಚಿ, "ಈ ಲೋಟ ಒಂದು ದಿನ ಒಡೆಯುತ್ತೆ" ಎನ್ನುತ್ತಿದ್ದಿರಿ. "ಸ್ಟೀಲ್ ಲೋಟ ಕಣ್ರೀ ಅದು, ಒಡೆಯಲ್ಲ, ನೆಗ್ಗುತ್ತೆ ಅಷ್ಟೇ" ಎಂದು ನಾನು ಆಡಿಕೊಂಡಿದ್ದೆ. ನೀವು ನಗಲಿಲ್ಲ. ಕಣ್ಣು ಬಿಟ್ಟು ನನ್ನನ್ನೇ ನೋಡಿದಿರಿ, ಅಂಗಡಿಗೆ ಹಿಂದಿರುಗಿಸಬೇಕಾದ ಸಾಮಾನನ್ನು ನೋಡುವ ಹಾಗೆ. ಲೋಟ ಮುಗಿದು ಸರದಿ ನನಗೆ ಬಂದಿದೆ ಎಂದು ಆಗ ತಿಳಿಯಿತು.

ತಪ್ಪು ನಿಮ್ಮದೂ ಅಲ್ಲ ಬಿಡಿ. ಬಸ್ ಡಿಪೋದ ಸ್ಟೋರ್ ಕೀಪರು ನೀವು. ಬೆಲ್ಟು ಹರಿಯುವ ಮೊದಲೇ ಬೆಲ್ಟು ತರಿಸಿಡುವ ಕೈ. ಬಸ್ಸು ಕೆಟ್ಟು ನಿಂತ ಮೇಲೆ ಓಡಾಡುವವನು ಸ್ಟೋರ್ ಕೀಪರೇ ಅಲ್ಲ ಎನ್ನುತ್ತಿದ್ದಿರಿ. ಅದೇ ಲೆಕ್ಕದಲ್ಲಿ ನನ್ನನ್ನೂ ಹಿಡಿದಿರಿ.

ಹೊಟ್ಟೆಯಲ್ಲಿ ಗಡ್ಡೆ ಇದೆ, ಆಪರೇಷನ್ ಆಗಬೇಕು, ಏನೂ ಹೇಳೋಕಾಗಲ್ಲ ಎಂದರಲ್ಲ ಡಾಕ್ಟರು, ಆ ಹೊತ್ತು ಅಕ್ಕ ಗೋಡೆ ಹಿಡಿದು ಗೋಳೋ ಎಂದು ಅತ್ತಳು. ನೀವು ಅವಳಿಗೆ ನೀರು ಕೊಟ್ಟು, "ಅತ್ತರೆ ಗಡ್ಡೆ ಕರಗುತ್ತಾ ಅಕ್ಕಾ?" ಎಂದು ಕೇಳಿದಿರಿ. ನರ್ಸ್ ನನ್ನ ಕಿವಿಯಲ್ಲಿ, "ನಿಮ್ಮ ಯಜಮಾನ್ರು ಬಂಡೆ ಥರ ಅಮ್ಮಾ, ನೀವು ಪುಣ್ಯ ಮಾಡಿದೀರಿ" ಎಂದಳು. ಪುಣ್ಯವಂತೆಯಾಗೇ ಆಪರೇಷನ್ ಕೋಣೆಯೊಳಗೆ ಹೋದೆ. ಬಾಗಿಲು ಮುಚ್ಚುವಾಗ ತಿರುಗಿ ನೋಡಿದೆ. ಅಕ್ಕನ ಕೈ ನನ್ನ ಕಡೆ ಚಾಚಿತ್ತು. ನಿಮ್ಮ ಕೈ ಜೇಬಿನಲ್ಲಿತ್ತು.

ನಾನು ಸಾಯಲಿಲ್ಲ. ಅಲ್ಲಿಂದ ನಿಮ್ಮ ಕಷ್ಟ ಶುರುವಾಯಿತು. ವಾರ್ಡಿನಲ್ಲಿ ಕಣ್ಣು ಬಿಟ್ಟಾಗ ನಿಮ್ಮ ಮುಖ ಕಂಡಿತು. ಗುಜರಿಗೆ ಹಾಕಿದ ಬಸ್ಸು ತಾನಾಗೇ ಡಿಪೋದೊಳಗೆ ಬಂದು ನಿಂತರೆ ಸ್ಟೋರ್ ಕೀಪರನ ಮುಖ ಹೇಗಾಗುತ್ತದೋ ಹಾಗಿತ್ತು. ಸಂತೋಷ ಇರಲಿಲ್ಲ ಎನ್ನಲಾರೆ. ಎಲ್ಲಿ ಇಡಬೇಕು ಎಂದು ತಿಳಿಯದ ಸಂತೋಷ.

ಮನೆಗೆ ಬಂದು ಮಲಗಿದ್ದೆ. ಮೇಲಿನ ಮನೆಯಿಂದ ಹೊಲಿಗೆ ಮಿಷನ್ನಿನ ಸದ್ದು ಬರುತ್ತಿತ್ತು. ಓಡಿ, ಒಂದು ಕಡೆ ಟಕ್ ಎಂದು ಎಡವಿ, ಮತ್ತೆ ಓಡುವ ಸದ್ದು. ಆ ಎಡವು ನನಗೆ ಗೊತ್ತು. ಮದುವೆಯಾದಾಗಿನಿಂದ ಆ ಮಿಷನ್ನಿನಲ್ಲಿ ಶಾಲೆಯ ಮಕ್ಕಳ ಅಂಗಿ, ಅಕ್ಕಪಕ್ಕದವರ ಪರದೆ ಹೊಲಿದು ಈ ಮನೆಯ ಅರ್ಧ ಒಲೆ ಉರಿಸಿದವಳು ನಾನು. ಎದ್ದು ಕೂರಲಾಗದೆ ಕತ್ತು ತಿರುಗಿಸಿ ನೋಡಿದೆ. ಕಿಟಕಿಯ ಪಕ್ಕ ಬರೀ ನೆಲ. ನಾಲ್ಕು ಕಾಲಿನ ಗುರುತು.

"ಅದು ನನ್ನ ಮಿಷನ್ನಲ್ವಾ?" ಎಂದು ಕೇಳಿದೆ. ನೀವು ಗಂಜಿ ಆರಿಸುತ್ತಾ, ಅದು ಯಾವತ್ತೂ ನಿನ್ನದಾಗಿರಲಿಲ್ಲ, ಸ್ವಲ್ಪ ಕಾಲ ನಿನ್ನ ಹತ್ತಿರ ಇತ್ತು ಅಂದುಕೋ ಎಂದಿರಿ. ಕಣ್ಣೆದುರು ಇದ್ದರೆ ಆಮೇಲೆ ಮನಸ್ಸು ಕದಡುತ್ತದೆಂದು, ನಾನು ಆಸ್ಪತ್ರೆಯಲ್ಲಿರುವಾಗಲೇ ಮೇಲಿನ ಮನೆಯಾಕೆಗೆ ಕೊಟ್ಟಿದ್ದಿರಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೆ. ಹೆಂಡತಿ ಸಾಯುವ ಮುಂಚೆ ಅವಳ ಮಿಷನ್ ಸಾಗಿಸಿದವರನ್ನು ನಿಮ್ಮಲ್ಲೇ ಕಂಡದ್ದು. ಪಾಪ, ಆಕೆಯದೇನೂ ತಪ್ಪಿಲ್ಲ. ನನ್ನನ್ನು ನೋಡಲು ಬಂದವಳು ತಲೆ ತಗ್ಗಿಸಿಕೊಂಡು, "ಅವ್ರೇ ಹೊತ್ಕೊಂಡು ಮೆಟ್ಟಿಲು ಹತ್ತಿದ್ರು ಅಕ್ಕಾ, ನಾನು ಬೇಡ ಬೇಡ ಅಂದೆ" ಎಂದಳು.

ನೀವು ಒಬ್ಬರೇ ಹೊತ್ತಿರಿ. ಅಷ್ಟು ಭಾರದ್ದನ್ನು.

ನಮ್ಮಜ್ಜಿ ಒಂದು ಕಥೆ ಹೇಳುತ್ತಿದ್ದಳು. ಒಬ್ಬನಿಗೆ ಹೊಳೆಯ ಭಯ. ಈ ಸಲದ ಪ್ರವಾಹಕ್ಕೆ ನನ್ನ ಎಮ್ಮೆ ಹೋಗಿಬಿಟ್ಟರೆ ಎಂದು ಅವನಿಗೆ ನಿದ್ದೆಯಿಲ್ಲ, ಅನ್ನ ಸೇರದು. ಕಡೆಗೆ ಒಂದು ದಿನ ತಾನೇ ಎಮ್ಮೆಯನ್ನು ಹೊಡೆದುಕೊಂಡು ಹೋಗಿ ಮಡುವಿಗೆ ನೂಕಿದ. ಇನ್ನು ಹೊಳೆ ನನ್ನಿಂದ ಏನು ಕಿತ್ತುಕೊಳ್ಳುತ್ತದೋ ನೋಡೋಣ ಎಂದು ಮನೆಗೆ ಬಂದು ಗೊರಕೆ ಹೊಡೆದ. ಆ ವರ್ಷ ಹೊಳೆ ಮೊಣಕಾಲು ದಾಟಲಿಲ್ಲ. ನೋಡಿದೆಯಾ, ನಾನೆಷ್ಟು ನೆಮ್ಮದಿಯಾಗಿದ್ದೇನೆ ಎಂದು ಅವನು ಹೆಂಡತಿಗೆ ಹೇಳಿದನಂತೆ. ಅವಳು ಖಾಲಿ ಕೊಟ್ಟಿಗೆ ಗುಡಿಸುತ್ತಾ, "ಹೊಳೆ ಬರಲಿಲ್ಲ ಮಾರಾಯ, ನೀನು ಬಂದೆ" ಎಂದಳಂತೆ. ಚಿಕ್ಕವಳಾಗಿದ್ದಾಗ ಅವನ ಪೆದ್ದುತನಕ್ಕೆ ನಗುತ್ತಿದ್ದೆ. ಕೊಟ್ಟಿಗೆ ಗುಡಿಸುವವಳ ಕಡೆ ನೋಡಿರಲೇ ಇಲ್ಲ.

ಹೊಸ ಮಿಷನ್ ಕೊಡಿಸುತ್ತೇನೆ ಎಂದೂ ಬರೆದಿದ್ದೀರಿ. ಬಿಡಿಭಾಗ ಬದಲಾಯಿಸಿದರೆ ಗಾಡಿ ಓಡುತ್ತದೆ ಎಂಬುದು ನಿಮ್ಮ ಡಿಪೋದ ಮಾತು. ನನಗೆ ಮಿಷನ್ ಬೇಕಿಲ್ಲ. ನೀವು ಮೇಲಿನ ಮನೆಗೆ ಹೋಗಿ, ಬಾಗಿಲು ತಟ್ಟಿ, "ನನ್ನ ಹೆಂಡ್ತಿ ಬದುಕಿದಾಳಮ್ಮ, ಅವಳ ಮಿಷನ್ ವಾಪಸ್ ಕೊಡಿ" ಎಂದು ಕೇಳಬೇಕಿತ್ತು. ಕೇಳಲು ನಾಚಿಕೆಯಾಗಬೇಕಿತ್ತು. ನಿಮ್ಮ ಧ್ವನಿ ಒಂದು ಸಲವಾದರೂ ನಡುಗಬೇಕಿತ್ತು. ಹೊಟ್ಟೆಯ ಹೊಲಿಗೆ ಬಿಚ್ಚುವ ದಿನದವರೆಗೂ ಹಾಸಿಗೆಯಲ್ಲಿ ಮಲಗಿ, ನಿಮ್ಮ ಹೆಜ್ಜೆ ಮೆಟ್ಟಿಲು ಹತ್ತುವ ಸದ್ದಿಗೆ ಕಾದೆ. ನೀವು ಡಿಪೋಗೆ ಹೋದಿರಿ, ಬಂದಿರಿ, ಬೆಳಿಗ್ಗೆ ಕಣ್ಣು ಮುಚ್ಚಿ ಕೂತಿರಿ. ಮೇಲೆ ಮಿಷನ್ ಎಡವುತ್ತಲೇ ಇತ್ತು.

ಅದಕ್ಕೇ ಹೊಲಿಗೆ ಬಿಚ್ಚಿದ ಕೂಡಲೇ ಇಲ್ಲಿಗೆ ಹೊರಟುಬಂದೆ, ಅದಕ್ಕೇ ಈಗ ಬರುವುದಿಲ್ಲ. ನಿಮ್ಮ ಪುಸ್ತಕವೇ ಹೇಳುವಂತೆ, ನಾನು ಬರುವುದು ಬಿಡುವುದು ನಿಮ್ಮ ಕೈಯಲ್ಲಿಲ್ಲ. ಆದ್ದರಿಂದ ನಿಮಗೆ ಬೇಸರವಾಗಬಾರದು. ಬೇಸರವಾದರೆ ಅದು ನಿಮ್ಮ ಅಭ್ಯಾಸದ ಸೋಲು. ಸೋಲಿ ಎಂದು ಬಯಸುವಷ್ಟು ಕೆಟ್ಟವಳು ನಾನು.

ಹಾಲಿನ ಪಾತ್ರೆಯ ಹಿಡಿ ಸಡಿಲವಾಗಿದೆ, ಬಟ್ಟೆಯಿಂದ ಹಿಡಿಯಿರಿ. ನಿಮ್ಮ ಬಿ.ಪಿ. ಮಾತ್ರೆ ಅಡುಗೆಮನೆಯ ಕಿಟಕಿಯಲ್ಲಿದೆ.

ಇಂತಿ,
ನೀವು ಮೊದಲೇ ಅತ್ತು ಮುಗಿಸಿದ,
ಇನ್ನೂ ಇರುವ,
ನಿಮ್ಮ ಹೆಂಡತಿ

ತಾ.ಕ.: ಇಲ್ಲಿಗೆ ಬಂದ ಮೇಲೆ ನಾನೂ ನಿಮ್ಮ ಪಾಠ ಶುರುಮಾಡಿದ್ದೇನೆ. ಬೆಳಿಗ್ಗೆ ಟೀ ಲೋಟ ಹಿಡಿದು ಕಣ್ಣು ಮುಚ್ಚಿ, ನೀವು ಹೋದಿರಿ ಎಂದುಕೊಳ್ಳುತ್ತೇನೆ. ಮೊದಮೊದಲು ನಮ್ಮ ಮನೆ ಬಾಗಿಲ ಹತ್ತಿರದ ನಿಮ್ಮ ಚಪ್ಪಲಿಯನ್ನು ಮನಸ್ಸಿನಲ್ಲೇ ತೆಗೆದಿಡುವ ಹೊತ್ತಿಗೆ ಟೀ ಆರಿ ಕೆನೆಗಟ್ಟುತ್ತಿತ್ತು, ಅಕ್ಕ ಬೈದುಕೊಂಡು ಚೆಲ್ಲುತ್ತಿದ್ದಳು. ಇವತ್ತು ಚಪ್ಪಲಿ ತೆಗೆದಿಟ್ಟೆ. ಟೀಯನ್ನೂ ಕುಡಿದೆ. ಇನ್ನೂ ಬಿಸಿಯಾಗೇ ಇತ್ತು. ನನಗೂ ಅಭ್ಯಾಸ ಕೂಡಿಬರುತ್ತಿದೆ; ನೀವು ಬರುವುದೇ ಆದರೆ ಭಾನುವಾರದವರೆಗೆ ಕಾಯಬೇಡಿ.