ನಕ್ಷೆಯಿಂದ ಮಾಯವಾದ ಆಸ್ಪತ್ರೆ

ಮಾರ್ಚ್ ೧೪, ಶುಕ್ರವಾರ.

ಹನ್ನೊಂದು ವರ್ಷದ ಹಿಂದೆ ಮುಚ್ಚಿದ ನಮ್ಮ ಬೀದಿಯ ಆಸ್ಪತ್ರೆ, ಆರೋಗ್ಯ ಇಲಾಖೆಯ ಆನ್‌ಲೈನ್ ನಕ್ಷೆಯಲ್ಲಿ ಇಂದು ಬೆಳಿಗ್ಗೆಯವರೆಗೂ ತೆರೆದೇ ಇತ್ತು! ಆಸ್ಪತ್ರೆ ಇರುವ ಬೀದಿಗೆ ಬೇಡವೆಂದು ಇಲಾಖೆಯ ಸಂಚಾರಿ ವೈದ್ಯರ ವ್ಯಾನು ಇತ್ತ ತಲೆ ಹಾಕುತ್ತಿರಲಿಲ್ಲ. ನನ್ನ ಹೆಂಡತಿ ಮಂಡಿನೋವಿನಲ್ಲೇ ವೈದ್ಯರ ಬಳಿಗೆ ಎರಡು ಬಸ್ಸು ಹತ್ತಬೇಕಿತ್ತು. ಆ ಕಟ್ಟಡದಲ್ಲೀಗ ಸೈಕಲ್ ರಿಪೇರಿಯವನಿದ್ದಾನೆ. ಆಸ್ಪತ್ರೆಯ ಹಳೇ ನಂಬರು ಅವನಿಗೆ ಬಂದಿರುವುದರಿಂದ ರೋಗಿಗಳು ಅವನಿಗೇ ಫೋನ್ ಮಾಡುತ್ತಾರಂತೆ. "ಮಂಡಿನೋವು ಅಂದ್ರೆ ಸ್ವಲ್ಪ ಎಣ್ಣೆ ಬಿಡಿ ಅಂತೀನಿ" ಎಂದು ನಕ್ಕ.

ಇಂದು ಇಲಾಖೆಯಿಂದ ಮನೆಮನೆ ಸಮೀಕ್ಷೆಗೆ ಬಂದ ನರ್ಸಮ್ಮನ ಮೇಲೆ ರೇಗಿದೆ. "ಮುಚ್ಚಿದ್ದಕ್ಕೆ ದಾಖಲೆ ಕೊಡಿ ಯಜಮಾನ್ರೇ, ಈಗಲೇ ತಿದ್ದಿಸ್ತೀನಿ" ಎಂದಳು. ಆ ವರ್ಷದ ದಿನಚರಿ ತೆಗೆದೆ. ಬೀಗ ಬಿದ್ದ ದಿನ, ಗಂಟೆ, ಎಲ್ಲ ಇತ್ತು. ಪುಟದ ಫೋಟೊ ತೆಗೆದು ಇಲಾಖೆಗೆ ಕಳಿಸಿದಳು. ಸಂಜೆಗೆ ನಕ್ಷೆಯಿಂದ ಆಸ್ಪತ್ರೆ ಮಾಯ, ಬರುವ ಗುರುವಾರ ವ್ಯಾನು ಬರುತ್ತದಂತೆ!

ಅದೇ ಪುಟದ ಕೆಳಗೆ ಹೆಂಡತಿಯ ಅಡುಗೆಯನ್ನು ಬೈದಿದ್ದೆ. ಇಲಾಖೆಯವರೆಲ್ಲ ಓದಿರುತ್ತಾರೆ. ಇವಳೂ ಓದಿದಳು. "ವ್ಯಾನು ಬರಲಿ, ಮೊದಲು ನಿಮ್ಮ ನಾಲಿಗೆ ತೋರಿಸೋಣ" ಅಂದಳು.

ಇಂದಿನ ಅಡುಗೆ ಬಹಳ ಚೆನ್ನಾಗಿತ್ತು. ಇದೂ ದಾಖಲೆಯಲ್ಲಿರಲಿ, ಯಾಕೆಂದರೆ ಇವಳು ಹಿಂದೆಯೇ ನಿಂತು ಓದುತ್ತಿದ್ದಾಳೆ.